ಅಕ್ಕ ಬದಲಾಯಿಸಿದ ಪೊಟ್ಟಣ

ನಮ್ಮ ಅಕ್ಕನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾಳೆ ಮಳೆ ಬರುತ್ತದೋ ಇಲ್ಲವೋ, ಎದುರುಮನೆಯ ಗಂಡ ಹೆಂಡಿರು ಯಾಕೆ ಮಾತು ಬಿಟ್ಟಿದ್ದಾರೆ, ನನ್ನ ಕನ್ನಡಕ ಎಲ್ಲಿದೆ, ನನಗೆ ಎಂಥ ಗಂಡ ಸರಿಹೋಗುತ್ತಾನೆ, ಎಲ್ಲವೂ ಅವಳಿಗೆ ಗೊತ್ತು. ಕೊನೆಯದೊಂದು ತಪ್ಪಿತು. ಆ ಮನುಷ್ಯ ನಾಲ್ಕೇ ವರ್ಷಕ್ಕೆ ಬೇರೆ ಸಂಸಾರ ಹೂಡಿದ, ನಾನು ಪೆಟ್ಟಿಗೆ ಹಿಡಿದುಕೊಂಡು ಅಕ್ಕನ ಮನೆಗೆ ಬಂದೆ. ಆಗಲೂ ಅವಳು ಬಾಗಿಲಲ್ಲೇ ನಿಂತು, "ನಂಗೆ ಮೊದಲೇ ಗೊತ್ತಿತ್ತು" ಎಂದಳು. ಅಂದಿನಿಂದ ಆ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ.

ದುಡಿಯುವುದೂ ಒಂದೇ ಕಡೆ. ಹಣ್ಣಿನ ಶರಬತ್ತು ಕಾಯಿಸಿ ಬಾಟಲಿಗೆ ತುಂಬುವ ಕಾರ್ಖಾನೆ. ನಾನು ಕೆಳಗೆ ಲೇಬಲ್ ಬೆಂಚಿನಲ್ಲಿ ಕೂತು, ಯಂತ್ರ ಸೊಟ್ಟಗೆ ಅಂಟಿಸಿದ ಚೀಟಿಗಳನ್ನು ಕಿತ್ತು ನೆಟ್ಟಗೆ ಅಂಟಿಸುವವಳು. ಅಕ್ಕ ಮೇಲೆ, ಕಿಟಕಿ ಪಕ್ಕದ ಮೇಜಿನಲ್ಲಿ, ರುಚಿ ನೋಡುವವಳು. ಒಂದೊಂದು ಕಡಾಯಿ ಪಾಕ ಇಳಿದಾಗಲೂ ಸ್ಟೀಲ್ ಬಟ್ಟಲಲ್ಲಿ ಅದರ ಮಾದರಿ ಅವಳ ಮೇಜಿಗೆ ಬರುತ್ತದೆ. ಬಿಸಿನೀರಿನ ಲೋಟದಿಂದ ಚಮಚ ಎತ್ತಿ, ಒರೆಸಿ, ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನುಂಗಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ ಮೇಜಿನ ಹಸಿರು ಗುಂಡಿ ಒತ್ತಿದರೆ ಕೆಳಗೆ ಹಸಿರು ದೀಪ ಹತ್ತಿ ಬಾಟಲಿಗಳು ಹೊರಡುತ್ತವೆ. ಕೆಂಪು ಗುಂಡಿ ಒತ್ತಿದರೆ ಕಡಾಯಿಗೆ ಕಡಾಯಿಯೇ ಹಿಂದಕ್ಕೆ. ಸಿಹಿ ಅಳೆಯುವ ಯಂತ್ರವೂ ಇದೆ. ಅದು ಎಷ್ಟಿದೆ ಎನ್ನುತ್ತದೆಯೇ ಹೊರತು ಚೆನ್ನಾಗಿದೆ ಎನ್ನುವುದಿಲ್ಲ. ಹಾಗಾಗಿ ಇಪ್ಪತ್ತಾರು ವರ್ಷದಿಂದ ಅಲ್ಲಿ ಅಕ್ಕ ಹೇಳಿದ್ದೇ ರುಚಿ. ಎಲ್ಲರೂ ಅವಳನ್ನು ಕರೆಯುವುದು ರುಚಿಯಮ್ಮ ಎಂದು.

ಬೇರೆ ಕಡೆ ಈ ಕೆಲಸ ಮಾಡುವವರು ರುಚಿ ನೋಡಿ ಉಗುಳುತ್ತಾರಂತೆ. ಅದನ್ನು ಹೇಳಿದರೆ ಅಕ್ಕನಿಗೆ ಸಿಟ್ಟು. "ಉಗುಳಿದ್ರೆ ಅರ್ಧ ರುಚಿ ಉಗುಳಿದ ಹಾಗೆ. ನುಂಗಿದ ಮೇಲೆ ಗಂಟಲಲ್ಲಿ ಏನು ಉಳಿಯತ್ತೆ, ಅದು ರುಚಿ" ಎನ್ನುತ್ತಿದ್ದಳು. ಅವಳಿಗೆ ಕೆಲಸ ಕಲಿಸಿದ ಮುದುಕನೂ ನುಂಗುತ್ತಿದ್ದ, ಅವನಿಗೆ ಕಲಿಸಿದವನೂ ನುಂಗುತ್ತಿದ್ದ. ನುಂಗುವುದೇ ಅಲ್ಲಿನ ಪದ್ಧತಿ.

ಹೋದ ವರ್ಷ ಆಸ್ಪತ್ರೆಯವರು ಕಾರ್ಖಾನೆಗೇ ಬಂದು ಎಲ್ಲರ ಹೊಟ್ಟೆಗೂ ತಣ್ಣನೆಯ ಜೆಲ್ ಸವರಿ ಸ್ಕ್ಯಾನ್ ಮಾಡಿದರು. ಇಬ್ಬರ ಲಿವರ್‌ನಲ್ಲಿ ಜಾಸ್ತಿ ಕೊಬ್ಬು ಸೇರಿದೆ ಎಂದು ಬಂತು. ಒಬ್ಬ, ಬಾಟಲಿಗಳಿಗೆ ಮುಚ್ಚಳ ಬಿಗಿಯುವ ಯಂತ್ರ ನೋಡಿಕೊಳ್ಳುವವನು. ನಾವೆಲ್ಲ ಅವನನ್ನು ಮುಚ್ಚಳಪ್ಪ ಎನ್ನುತ್ತೇವೆ. ಮೂವತ್ತೈದರ ಆಸುಪಾಸು, ದುಂಡಗೆ, ಎರಡು ಪುಟ್ಟ ಹೆಣ್ಣುಮಕ್ಕಳ ಅಪ್ಪ. ಇನ್ನೊಬ್ಬಳು ನಮ್ಮ ಅಕ್ಕ.

ಲಿವರ್ ಎಂದ ಕೂಡಲೇ ಜನಕ್ಕೆ ನೆನಪಾಗುವುದು ಒಂದೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ಎಲ್ಲ. ನನ್ನ ಬೆಂಚಿನಲ್ಲೇ ಕೂರುವ ಒಬ್ಬಳು, "ಪಾಪ, ಒಂಟಿ ಹೆಂಗಸು, ಸಂಜೆ ಹೊತ್ತು ಒಂದು ಸ್ವಲ್ಪ ತಗೋತಾರೇನೋ" ಎಂದಳು. ನಾನು ಅಂಟಿನ ಡಬ್ಬಿ ಕುಕ್ಕಿ, "ನಮ್ಮಕ್ಕ ಜೀವಮಾನದಲ್ಲಿ ಹೆಂಡದ ಮುಚ್ಚಳ ಮೂಸಿದವಳಲ್ಲ, ನೀನು ಮೊದಲು ನಿನ್ನ ಗಂಡನ ಬಾಯಿ ಮೂಸು" ಎಂದೆ. ಆಮೇಲೆ ಒಂದು ವಾರ ಅವಳು ನನಗೆ ಕತ್ತರಿ ಕೊಡಲಿಲ್ಲ. ಎದುರುಮನೆಯಾಕೆಯಂತೂ ಸಕ್ಕರೆ ಕೇಳುವ ನೆಪದಲ್ಲಿ ಬಂದು ಅಕ್ಕನ ಮುಖದ ಹತ್ತಿರ ಮೂಗು ತಂದು ಮಾತಾಡಿಸಿ ಹೋದಳು.

ಆಸ್ಪತ್ರೆಗೆ ಅಕ್ಕನ ಜತೆ ನಾನೇ ಹೋದೆ. ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆತ್ತಗೆ. ಪಕ್ಕೆಯ ಮೇಲೆ ಟಕ್ ಟಕ್ ಎಂದು ತಟ್ಟುವ ಒಂದು ಯಂತ್ರ ಇಟ್ಟು ಕೊಬ್ಬಿನ ಮಟ್ಟ ಅಳೆದರು. ಅಕ್ಕನದು ಮುನ್ನೂರ ಹತ್ತು. ಮುಚ್ಚಳಪ್ಪನದು ಮುನ್ನೂರ ಇಪ್ಪತ್ತೈದು. ಇನ್ನೂರೈವತ್ತರೊಳಗೆ ಬಂದರೆ ನೆಮ್ಮದಿ ಎಂದರು.

"ಕುಡಿಯೋರಿಗೆ ಮಾತ್ರ ಬರೋದಲ್ವಾ ಇದು?" ಎಂದು ಅಕ್ಕ ಜಗಳಕ್ಕೆ ನಿಂತಳು.

"ಇಲ್ಲಮ್ಮ. ಸಿಹಿ ಜಾಸ್ತಿ ಆದ್ರೂ ಬರತ್ತೆ. ಲಿವರ್ ಅದನ್ನ ಕೊಬ್ಬು ಮಾಡಿ ಇಟ್ಕೊಳ್ಳತ್ತೆ. ದಿನಕ್ಕೆ ಎಷ್ಟು ಚಮಚ ಪಾಕ ರುಚಿ ನೋಡ್ತೀರಿ?"

"ಮೂವತ್ತು. ಹಣ್ಣಿನ ಕಾಲದಲ್ಲಿ ನಲವತ್ತು."

"ನುಂಗ್ತೀರಾ?"

"ಇನ್ನೇನು, ಜೇಬಿಗೆ ಹಾಕ್ಕೊಳ್ಳಲಾ?"

ಡಾಕ್ಟರ್ ನಗಲಿಲ್ಲ. ಕಾಗದದ ಮೇಲೆ ಏನೋ ಗುಣಿಸಿದರು, ಅಳಿಸಿದರು, ಮತ್ತೆ ಗುಣಿಸಿದರು. ಇಪ್ಪತ್ತಾರು ವರ್ಷ ನಮ್ಮ ಮನೆಯ ಒಲೆ ಉರಿಸಿದ್ದು ಆ ಚಮಚ. ಅದೇ ಒಳಗೆ ಕೂತು ಹೀಗೆ ಮಾಡಿದೆ ಎಂದರೆ ನಂಬುವುದೋ ಬಿಡುವುದೋ ತಿಳಿಯಲಿಲ್ಲ.

ವರದಿ ಮ್ಯಾನೇಜರ್ ಕೈಗೂ ಹೋಗಿತ್ತು. ಅವರು ಅಕ್ಕನನ್ನು ಕರೆದು, "ನಾಳೆ ನಿಮಗೇನಾದ್ರೂ ಆದ್ರೆ ಕಾರ್ಖಾನೆ ತಲೆ ಮೇಲೆ ಬರತ್ತೆ ರುಚಿಯಮ್ಮ. ಮೂರು ತಿಂಗಳು ಕೊಡ್ತೀನಿ. ಇನ್ನೂರೈವತ್ತರೊಳಗೆ ಇಳಿದ್ರೆ ಮೇಜು ನಿಮ್ದು. ಇಲ್ದಿದ್ರೆ ಲೇಬಲ್ ಬೆಂಚಿಗೆ ಹೋಗ್ಬಿಡಿ, ತಂಗಿ ಜತೆ ಆರಾಮಾಗಿರಿ" ಎಂದರು.

ಅಕ್ಕ ಮನೆಗೆ ಬಂದು ಗೋಡೆ ನೋಡುತ್ತ ಕೂತಳು. "ಲೇಬಲ್ ಬೆಂಚಿಗೆ ಹೋಗೋದಕ್ಕಿಂತ ಸಾಯೋದು ಮೇಲು" ಎಂದಳು. ನನಗೆ ಮೈಯೆಲ್ಲ ಉರಿಯಿತು. ಹದಿನಾರು ವರ್ಷದಿಂದ ನಾನು ಅದೇ ಬೆಂಚಿನಲ್ಲಿ ಕೂತಿದ್ದೇನೆ, ಸತ್ತಿಲ್ಲ. ಹೇಳೋಣ ಎಂದುಕೊಂಡೆ. ಅವಳ ಕಣ್ಣಲ್ಲಿ ನೀರು ಕಂಡಿತು. ನುಂಗಿಕೊಂಡೆ. ನಮ್ಮ ವಂಶಕ್ಕೇ ನುಂಗುವ ಅಭ್ಯಾಸ.

ಅದೇ ಡಾಕ್ಟರ್ ಅರವತ್ತು ಜನರನ್ನು ಇಟ್ಟುಕೊಂಡು ಒಂದು ಪರೀಕ್ಷೆ ಮಾಡುತ್ತಿದ್ದರು. ಹನ್ನೆರಡು ವಾರ ದಿನಕ್ಕೊಂದು ಪೊಟ್ಟಣ ಪುಡಿ, ನೀರಲ್ಲಿ ಕಲಸಿ ಕುಡಿಯಬೇಕು. ಅಕ್ಕ, ಮುಚ್ಚಳಪ್ಪ ಇಬ್ಬರೂ ಸೇರಿದರು. ಪುಡಿ ಏನೆಂದು ಕೇಳಿದರೆ ಸಕ್ಕರೆ ಎಂದುಬಿಟ್ಟರು!

"ಬೇರೆ ಥರದ ಸಕ್ಕರೆ ಅಮ್ಮ. ಒಂದು ಗಿಡದ ಬೇರಿಂದ ತೆಗೀತಾರೆ. ನಮ್ಮ ಹೊಟ್ಟೆಗೆ ಅದನ್ನ ಅರಗಿಸೋಕೆ ಬರಲ್ಲ. ಸೀದಾ ದೊಡ್ಡ ಕರುಳಿಗೆ ಹೋಗತ್ತೆ. ಅಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಅದನ್ನ ತಿಂದು ಬೆಳೀತಾವೆ. ಅವು ಚೆನ್ನಾಗಿದ್ರೆ ಲಿವರ್‌ಗೂ ಒಳ್ಳೇದಾಗಬಹುದು ಅಂತ ಊಹೆ."

"ಊಹೆನಾ?"

"ಊಹೆನೇ. ಅದಕ್ಕೇ ಪರೀಕ್ಷೆ."

"ಅಲ್ಲ ಡಾಕ್ಟ್ರೇ, ಚಿಕ್ಕವರಿದ್ದಾಗ ಹೊಟ್ಟೇಲಿ ಹುಳ ಇದೆ ಅಂತ ಮೂಗು ಹಿಡಿದು ಔಷಧಿ ಕುಡಿಸ್ತಿದ್ರು. ಈಗ ಹೊಟ್ಟೇಲಿರೋವಕ್ಕೆ ಸಕ್ಕರೆ ಹಾಕಿ ಸಾಕಬೇಕಾ?"

"ಅವು ಬೇರೆ, ಇವು ಬೇರೆ."

"ಸಕ್ಕರೆಯಿಂದ ಬಂದಿದ್ದು ಸಕ್ಕರೆಯಿಂದ ಹೋಗತ್ತಾ?"

"ಆ ಸಕ್ಕರೆ ಬೇರೆ, ಈ ಸಕ್ಕರೆ ಬೇರೆ."

ಮುಚ್ಚಳಪ್ಪ ಸಮಾಧಾನ ಮಾಡಲು, "ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕಲ್ವಾ ಅಕ್ಕ" ಎಂದ. ಅಕ್ಕ ಅವನನ್ನೊಮ್ಮೆ, ಡಾಕ್ಟರನ್ನೊಮ್ಮೆ ನೋಡಿದಳು. ನನಗೂ ತಲೆ ಬುಡ ಅರ್ಥವಾಗಲಿಲ್ಲ. ಅರ್ಥವಾದ ಹಾಗೆ ತಲೆಯಾಡಿಸಿದೆ.

ಇನ್ನೊಂದು ತೊಡಕಿತ್ತು. ಅರವತ್ತು ಜನರಲ್ಲಿ ಅರ್ಧ ಜನಕ್ಕೆ ಆ ಬೇರಿನ ಸಕ್ಕರೆ, ಇನ್ನರ್ಧ ಜನಕ್ಕೆ ಏನೂ ಮಾಡದ ಬರೀ ಪಿಷ್ಟದ ಪುಡಿ. ಪೊಟ್ಟಣ, ಬಣ್ಣ, ನಿಂಬೆಯ ವಾಸನೆ ಎಲ್ಲ ಒಂದೇ. ಯಾರದು ಯಾವುದು ಎಂದು ಕುಡಿಯುವವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಬೀಗ ಹಾಕಿದ ಪಟ್ಟಿಯೊಂದರಲ್ಲಿ ಇರುತ್ತದೆ, ಎಲ್ಲರದೂ ಮುಗಿದ ಮೇಲೆ ತೆಗೆದು ಹೇಳುತ್ತಾರೆ. ಅಲ್ಲಿಯವರೆಗೆ ಎಲ್ಲರೂ ಸಿಹಿ ಕಮ್ಮಿ ಮಾಡಬೇಕು, ದಿನಾ ನಡೆಯಬೇಕು, ಅಕ್ಕ ಮಾತ್ರ ಕಡ್ಡಾಯವಾಗಿ ಉಗುಳಬೇಕು. ಅಕ್ಕನ ನಂಬರು ಹದಿನೇಳು, ಮುಚ್ಚಳಪ್ಪನದು ನಲವತ್ತೊಂದು.

ಮೊದಲ ದಿನ ಊಟಕ್ಕೆ ಅರ್ಧ ಗಂಟೆ ಮುಂಚೆ ಇಬ್ಬರೂ ಮುಚ್ಚಳದ ಯಂತ್ರದ ಪಕ್ಕ ನಿಂತು ಲೋಟದಲ್ಲಿ ಪುಡಿ ಕದಡಿದರು. ಅಕ್ಕ ತನ್ನದನ್ನು ಕುಡಿದಳು. ಆಮೇಲೆ ಕೈ ತಡೆಯಲಿಲ್ಲ, ಬುದ್ಧಿಯೂ ತಡೆಯಲಿಲ್ಲ. ಅವನ ಲೋಟಕ್ಕೆ ತನ್ನ ಚಮಚ ಅದ್ದಿ ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಹತ್ತು ಎಣಿಸುವಷ್ಟು ಹೊತ್ತು. ಕಣ್ಣು ತೆರೆದು ಮೇಲೆ ಹೋದಳು.

ಸಂಜೆ ತರಕಾರಿ ಹೆಚ್ಚುತ್ತಿದ್ದಾಗ ಹೇಳಿದಳು. "ನಂದು ಅಸಲು ಕಣೇ. ಅವಂದು ಬರೀ ಪುಡಿ."

"ನಿಂಗೆ ಹೇಗೆ ಗೊತ್ತು?"

"ಗೊತ್ತು. ಎರಡೂ ಬೇರೆ ಬೇರೆ ಇದೆ. ಅವಂದು ಬಾಯಿಗೆ ಹಿತವಾಗಿದೆ, ತಣ್ಣಗೆ, ಹಿಂದೆ ಒಂದು ಸಣ್ಣ ಸಿಹಿ ಉಳಿಯತ್ತೆ. ನಂದು ಸಪ್ಪೆ, ಗಂಟಲಿಗೆ ಹಿಟ್ಟಿನ ಥರ ಅಂಟತ್ತೆ. ಹಿತವಾಗಿರೋದು ಎಲ್ಲಾದ್ರೂ ಔಷಧ ಆಗತ್ತೇನೇ? ಸಿಹಿ ತಿಂದೇ ನಾನು ಹೀಗಾಗಿರೋದು. ಸಿಹಿಯಾಗಿರೋದು ಮೋಸದ್ದು."

ನನಗೆ ಖುಷಿಯಾಯಿತು. "ಸದ್ಯ! ಮೇಜು ಉಳೀತು ಬಿಡು" ಎಂದೆ. ಅಕ್ಕ ಚಾಕು ಕೆಳಗಿಟ್ಟಳು.

"ನಾಳೆಯಿಂದ ನಂದು ಅವನಿಗೆ ಕೊಡ್ತೀನಿ."

"ಏನಂದೆ?"

"ಅವನದ್ದು ನನಗಿಂತ ಜಾಸ್ತಿ ಇದೆ. ಸಣ್ಣ ಮಕ್ಕಳು ಎರಡಿವೆ. ನಂಗೆ ಯಾರಿದ್ದಾರೆ?"

ನಾನು ತರಕಾರಿಯ ತಟ್ಟೆ ತಳ್ಳಿ ಎದ್ದೆ. "ಯಾರಿದ್ದಾರೆ ಅಂದ್ರೆ? ನಾನೇನು ಈ ಮನೆ ಗೋಡೆಗೆ ಹೊಡೆದ ಮೊಳೆನಾ?" ಎಂದು ಕೂಗಿದೆ. ನಿಜಕ್ಕೂ ಅತ್ತೆ. ತಾಯಿ ಹೋದಾಗ ನನಗೆ ಏಳು, ಅವಳಿಗೆ ಹದಿನಾರು. ನನ್ನ ತಲೆ ಬಾಚಿ ಶಾಲೆಗೆ ಕಳಿಸಿ ತಾನು ಕೆಲಸಕ್ಕೆ ಹೋದವಳು. ನನಗಿರುವುದು ಅವಳೊಬ್ಬಳೇ. ಅವಳ ಲೆಕ್ಕದಲ್ಲಿ ನಾನು ಯಾರೂ ಅಲ್ಲ. ಎಷ್ಟು ಹೊಟ್ಟೆ ಉರಿಯಿತು ಎಂದರೆ, ಆ ಸಂಜೆ ಅವಳು ಬಡಿಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದೆ.

"ಹಂಗಲ್ವೇ" ಎಂದಳು ಅಕ್ಕ. ಹೇಗೆ ಎಂದು ಹೇಳಲಿಲ್ಲ. ಮಾತು ಬದಲಿಸಲೂ ಇಲ್ಲ. ಅವಳು ಒಮ್ಮೆ ಗುಂಡಿ ಒತ್ತಿದರೆ ಮುಗಿಯಿತು.

ಮುಚ್ಚಳಪ್ಪನೂ ಮೊದಲು ಒಪ್ಪಲಿಲ್ಲ. "ಬೇಡ ಅಕ್ಕ. ಡಾಕ್ಟ್ರಿಗೆ ಗೊತ್ತಾದ್ರೆ ಬೈತಾರೆ. ನಿಮ್ಮ ಮೇಜಿನ ಗತಿ?"

"ಬಾಯ್ಮುಚ್ಕೊಂಡು ಕುಡಿ. ನಾನು ಹಸಿರು ಗುಂಡಿ ಒತ್ತಿದೀನಿ ಅನ್ಕೋ."

ಅವನು ಕುಡಿದ. ಹಸಿರು ದೀಪ ಹತ್ತಿದ ಮೇಲೆ ಅವನ ಯಂತ್ರ ಎಂದೂ ನಿಂತಿದ್ದಿಲ್ಲ. ಅಂದಿನಿಂದ ದಿನಾ ಹದಿನೇಳನೇ ನಂಬರಿನ ಪುಡಿ ಅವನ ಹೊಟ್ಟೆಗೆ, ನಲವತ್ತೊಂದರದು ಅಕ್ಕನ ಹೊಟ್ಟೆಗೆ. ಖಾಲಿ ಪೊಟ್ಟಣಗಳು ಮಾತ್ರ ಅವರವರ ಚೀಲಕ್ಕೇ ಹೋಗುತ್ತಿದ್ದವು. ಆಸ್ಪತ್ರೆಯವರು ಎಣಿಸಿದಾಗ ಎಲ್ಲ ಸರಿಯಿರುತ್ತಿತ್ತು.

ಆ ಹನ್ನೆರಡು ವಾರ ಮನೆಯಲ್ಲಿ ಏನು ನಡೆಯಿತು ಎಂದು ಹೇಳಬೇಕು, ಯಾಕೆಂದರೆ ಆಮೇಲೆ ಎಲ್ಲ ಗೋಜಲಾಗಿದ್ದು ಅದರಿಂದಲೇ. ತನಗೆ ಸಿಗುತ್ತಿರುವುದು ಬರೀ ಪುಡಿ ಎಂದು ಅಕ್ಕನಿಗೆ ಹೆದರಿಕೆ. ಪುಡಿಯ ಮೇಲೆ ಭರವಸೆ ಇಲ್ಲದವಳು ಮಿಕ್ಕಿದ್ದನ್ನೆಲ್ಲ ಹಟ ಹಿಡಿದು ಮಾಡಿದಳು. ಟೀಗೆ ಸಕ್ಕರೆ ಬಿಟ್ಟಳು. ಬಸ್ಸು ಬಿಟ್ಟು ನಡೆದೇ ಕಾರ್ಖಾನೆಗೆ ಹೋದಳು, ಹಿಂದೆ ನಾನೂ ಏದುಸಿರು ಬಿಡುತ್ತ. ಮೇಜಿನ ಕೆಳಗೆ ಒಂದು ಮಗ್ಗು ಇಟ್ಟುಕೊಂಡು ಉಗುಳಿದಳು. ಉಗುಳಿದಾಗಲೆಲ್ಲ ಕಳ್ಳತನ ಮಾಡಿದವಳ ಹಾಗೆ ಸುತ್ತ ನೋಡುತ್ತಿದ್ದಳು. ಬೆಳಿಗ್ಗೆ ಕೈಲಿ ತೂಕದ ಚೀಟಿ, ಸಂಜೆ ಬಾಯಲ್ಲಿ ಗೊಣಗಾಟ.

ಮುಚ್ಚಳಪ್ಪನ ದಾರಿಯೇ ಬೇರೆ. ಅಸಲು ಔಷಧ ತನಗೆ ಸಿಗುತ್ತಿದೆ ಎಂದು ಅವನಿಗೆ ಧೈರ್ಯ. ಲೇಬಲ್ ಹರಿದು ಮಾರಲಾಗದ ಬಾಟಲಿಗಳು ನನ್ನ ಬೆಂಚಿನ ಕೆಳಗೆ ಇರುತ್ತವೆ. ಮೊದಲು ಡಾಕ್ಟರ್ ಹೆದರಿಸಿದಾಗ ಅವನು ಅವುಗಳ ಕಡೆ ನೋಡುವುದನ್ನೂ ಬಿಟ್ಟಿದ್ದ. ಮೂರನೇ ವಾರಕ್ಕೆ ಬಂದು ಒಂದನ್ನು ಎತ್ತಿಕೊಂಡ. "ಏನೋ ಇದು?" ಎಂದರೆ, "ಅಕ್ಕನ ಪುಡಿ ಇದೆಯಲ್ಲ, ನೋಡ್ಕೊಳ್ಳತ್ತೆ" ಎಂದು ಕಣ್ಣು ಹೊಡೆದ. ನಾನೂ ನಕ್ಕೆ. ಆಮೇಲೆ ವಾರಕ್ಕೆ ಎರಡು ಮೂರು ಬಾಟಲಿ ಹೋಗತೊಡಗಿದವು. ಅಕ್ಕನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವನ ಕಿವಿ ಕಿತ್ತು ಕೈಗೆ ಕೊಡುತ್ತಿದ್ದಳು. ಅವತ್ತು ಹೇಳಬೇಕಿತ್ತು.

ಹನ್ನೆರಡು ವಾರ ಮುಗಿದು ಮತ್ತೆ ಟಕ್ ಟಕ್ ಯಂತ್ರ ಪಕ್ಕೆಗೆ ಬಂತು. ಅಕ್ಕನದು ಇನ್ನೂರ ಮೂವತ್ತೆಂಟು. ಮುಚ್ಚಳಪ್ಪನದು ಮುನ್ನೂರ ಮೂವತ್ತೊಂದು.

ನಾನು ಆಸ್ಪತ್ರೆಯ ಮೊಗಸಾಲೆಯಲ್ಲೇ ಅವಳನ್ನು ತಬ್ಬಿಕೊಂಡೆ. ಅವಳು ಕಂಬದ ಹಾಗೆ ನಿಂತಿದ್ದಳು. ಮೇಜು ಉಳಿಯಿತು, ಮ್ಯಾನೇಜರ್ ಕೈಕುಲುಕಿದರು, ಎದುರುಮನೆಯಾಕೆ ತಾನಾಗಿ ಬಂದು "ನಂಗೆ ಯಾವತ್ತೂ ಅನುಮಾನ ಇರ್ಲಿಲ್ಲಪ್ಪ" ಎಂದಳು. ಅಕ್ಕ ಮಾತ್ರ ಮಂಕಾದಳು. "ಅಸಲು ಕುಡಿದವನಿಗೆ ಏರಿದೆ, ಬರೀ ಪುಡಿ ಕುಡಿದವಳಿಗೆ ಇಳಿದಿದೆ. ಹಂಗಾದ್ರೆ ಆ ಔಷಧವೇ ಸುಳ್ಳಾ? ಇಲ್ಲಾ ಇನ್ನೂ ಕೊಟ್ಟಿದ್ರೆ ಇನ್ನೂ ಏರ್ತಿತ್ತಾ? ಅವನಿಗೆ ನಾನು ವಿಷ ಕೊಟ್ನೇನೇ?" ಎಂದು ಒಂದು ತಿಂಗಳು ನನ್ನನ್ನೇ ಕೇಳಿದಳು. ನನಗೇನು ತಿಳಿಯುತ್ತದೆ, ನಾನು ಚೀಟಿ ಅಂಟಿಸುವವಳು.

ತಿಂಗಳ ಮೇಲೆ ಪಟ್ಟಿ ತೆಗೆದರು. ಡಾಕ್ಟರ್ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ನಾನು ಬಾಗಿಲ ಬಳಿಯ ಸ್ಟೂಲಿನಲ್ಲಿದ್ದೆ.

"ಅಮ್ಮ, ನಿಮಗೆ ಬಂದಿದ್ದು ಬರೀ ಪಿಷ್ಟದ ಪುಡಿ" ಎಂದರು ಡಾಕ್ಟರ್. "ಆದ್ರೂ ಇಷ್ಟು ಇಳಿಸಿದೀರಿ, ಪಥ್ಯ ಚೆನ್ನಾಗಿ ಮಾಡಿದೀರಿ, ಶಭಾಷ್. ಇವರಿಗೆ ಬಂದಿದ್ದು ಅಸಲು ಬೇರಿನ ಸಕ್ಕರೆ. ಆದ್ರೆ ಇವರದ್ದು ಯಾಕೋ ಇಳಿದಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಿತವಾಗಿದ್ದದ್ದೇ ಅಸಲು. ಸಪ್ಪೆಯಾಗಿ ಗಂಟಲಿಗೆ ಅಂಟಿದ್ದೇ ಬರೀ ಪುಡಿ. ಅಕ್ಕನ ನಾಲಿಗೆ ಎರಡೂ ಬೇರೆ ಎಂದು ಸರಿಯಾಗಿಯೇ ಹೇಳಿತ್ತು. ಯಾವುದು ಯಾವುದು ಎಂದು ತೀರ್ಮಾನ ಮಾಡಿದ್ದು ಅಕ್ಕ. ತ್ಯಾಗ ಮಾಡುತ್ತೇನೆ ಎಂದು ಹೋಗಿ, ತನ್ನ ಬೂದಿಯಂಥ ಪುಡಿಯನ್ನು ಅವನಿಗೆ ಕೊಟ್ಟು ಅವನ ಮದ್ದನ್ನು ತಾನು ಕುಡಿದಿದ್ದಳು.

ಮುಚ್ಚಳಪ್ಪನಿಗೂ ಅರ್ಥವಾಗಿತ್ತು. ಅವನು ನೆಲ ನೋಡುತ್ತ ಕೂತ, ತುಟಿ ಬಿಚ್ಚಲಿಲ್ಲ. ಅಕ್ಕನೂ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರು, ಸುಮ್ಮನಿರು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಕ್ಕ ಬಾಯಿ ತೆರೆದಳು. ಚಮಚ ಅದ್ದಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು.

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡೆ. "ನಾವು ಹತ್ತು ಜನಕ್ಕೆ ಕುಡಿಸಿ ನೋಡಿದ್ವಿ. ಒಬ್ಬರಿಗೂ ವ್ಯತ್ಯಾಸ ಗೊತ್ತಾಗಿರ್ಲಿಲ್ಲ" ಎಂದರು. ಆಮೇಲೆ ಎರಡು ನಂಬರುಗಳ ಮೇಲೂ ಗೀಟು ಎಳೆದರು. "ನಿಮ್ಮಿಬ್ಬರದೂ ಇನ್ನು ಲೆಕ್ಕಕ್ಕಿಲ್ಲ. ನಾವೆಲ್ಲ ಎಷ್ಟು ಕೆಲಸ ಮಾಡಿದ್ವಿ ಅಮ್ಮ, ಒಂದು ಮಾತು ಹೇಳಬಾರದಿತ್ತಾ?"

"ತಪ್ಪಾಯ್ತು ಡಾಕ್ಟ್ರೇ. ಒಂದೇ ಒಂದು ಹೇಳಿ. ಇವನಿಗೆ ಸೇರಬೇಕಾಗಿದ್ದ ಆರೋಗ್ಯ ನಾನು ಕುಡಿದುಬಿಟ್ನಾ?"

"ಹೇಳೋಕಾಗಲ್ಲ. ನೀವು ಉಗುಳಿದ್ರಿ, ನಡೆದ್ರಿ, ಸಕ್ಕರೆ ಬಿಟ್ರಿ. ಅದರಿಂದಲೇ ಇಳಿದಿರಬಹುದು. ಪುಡಿಯಿಂದ ಇಳಿದಿರಬಹುದು. ಎರಡರಿಂದಲೂ ಇರಬಹುದು."

"ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ!"

"ಒಬ್ಬರನ್ನ ನೋಡಿ ಹೇಳೋಕಾಗೋದಾದ್ರೆ ಅರವತ್ತು ಜನ ಯಾಕೆ ಬೇಕಿತ್ತು ಅಮ್ಮ? ನಂಗೆ ನಿಜವಾಗ್ಲೂ ಗೊತ್ತಿಲ್ಲ."

ಅಷ್ಟು ಓದಿದವರು ಅಷ್ಟು ಸಲೀಸಾಗಿ ಗೊತ್ತಿಲ್ಲ ಎಂದದ್ದು ಕೇಳಿ ಅಕ್ಕ ಬೆಪ್ಪಾಗಿ ನೋಡಿದಳು. ಮುಚ್ಚಳಪ್ಪನಿಗೆ ಬೇಕಾದರೆ ಇನ್ನು ಹನ್ನೆರಡು ವಾರ ಅಸಲು ಪುಡಿ ಕೊಡುತ್ತೇನೆ, ಯಾವ ಭರವಸೆಯೂ ಇಲ್ಲ, ಬಾಟಲಿ ಮುಟ್ಟಿದರೆ ಮಾತ್ರ ಕೊಡುವುದಿಲ್ಲ ಎಂದರು ಡಾಕ್ಟರ್. ಅಕ್ಕ ಹೇಳಿ ಮುಗಿಸಿದ ಮೇಲೆ ಶರಬತ್ತಿನ ಬಾಟಲಿಗಳ ವಿಷಯ ಅವನೇ ಬಾಯಿಬಿಟ್ಟಿದ್ದ.

ಬಸ್ ನಿಲ್ದಾಣದಲ್ಲಿ ಅವನು ಕೇಳಿದ. "ಯಾಕಕ್ಕ ಹೇಳಿದ್ರಿ? ನಾನು ಸುಮ್ನಿದ್ದೆನಲ್ಲ."

"ನೀನ್ಯಾಕೋ ಸುಮ್ನಿದ್ದೆ?"

"ನೀವು ಕುಡಿ ಅಂದ್ರಿ, ಕುಡಿದೆ. ಅದಕ್ಕೆ ಡಾಕ್ಟ್ರ ಮುಂದೆ ನಿಮ್ಮ ಮರ್ಯಾದೆ ಕಳೀಲಾ?"

ಅಕ್ಕ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಅವಳ ಬೆನ್ನು ಸವರಿದೆ. ಬಂದ ಬಸ್ಸು ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು.

ಮರುದಿನ ಬೆಳಿಗ್ಗೆ ಅವಳು ಮೇಲೆ ಹೋಗಲಿಲ್ಲ. ಸೀದಾ ಬಂದು ನನ್ನ ಬೆಂಚಿನಲ್ಲಿ ಕೂತು, ಹಿಂದಿನ ದಿನದ ಬಾಟಲಿಗಳನ್ನು ಎಳೆದುಕೊಂಡು ಚೀಟಿ ಅಂಟಿಸತೊಡಗಿದಳು. "ಏನೇ ಇದು, ಮ್ಯಾನೇಜರ್ ಮೇಜು ನಿಂದೇ ಅಂದಿದಾರಲ್ಲ" ಎಂದೆ. "ಅದು ಅವನ ಪುಡಿ ಕುಡಿದು ಗಳಿಸಿದ್ದು. ನಂದಲ್ಲ. ಇನ್ಮೇಲೆ ನನ್ನ ನಾಲಿಗೆ ಯಾರೂ ನಂಬೋದು ಬೇಡ" ಎಂದಳು. ಸಾಯುವುದೇ ಮೇಲು ಎಂದಿದ್ದ ಬೆಂಚಿಗೆ ಅವಳು ತಾನಾಗಿಯೇ ಬಂದು ಕೂತಿದ್ದಳು. ನನಗೆ ಹಳೆಯ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಮೇಲೆ ಕಡಾಯಿ ಇಳಿದು ಮಾದರಿ ಬಟ್ಟಲು ಮೇಜಿನ ಮೇಲೆ ತಣ್ಣಗಾಗುತ್ತಿತ್ತು. ಹಸಿರೂ ಇಲ್ಲ, ಕೆಂಪೂ ಇಲ್ಲ. ಯಂತ್ರಗಳೆಲ್ಲ ನಿಂತವು. ಮ್ಯಾನೇಜರ್ ಬಂದು ವಿಷಯ ಕೇಳಿ ಕೂಗಾಡಿದರು, "ಕೊಬ್ಬು ಇಳಿದಿದೆ ತಾನೇ, ಯಾರ ಪುಡಿ ಆದ್ರೇನ್ರೀ!" ಎಂದರು. ಅಕ್ಕ ತಲೆ ಎತ್ತಲಿಲ್ಲ. ಗುಂಡಿ ಒತ್ತಲು ಬೇರೆ ಯಾರಿಗೂ ಧೈರ್ಯವಿರಲಿಲ್ಲ.

ಆಗ ಮುಚ್ಚಳಪ್ಪ ಬಂದ. ಕೈಯಲ್ಲಿ ಲೋಟ, ಆಸ್ಪತ್ರೆಯವರು ಕೊಟ್ಟ ಅಸಲು ಪುಡಿ ಕದಡಿದ ನೀರು. ಅಕ್ಕನ ಮುಂದೆ ಹಿಡಿದ.

"ನೋಡಿ ಹೇಳಿ ಅಕ್ಕ. ಇದು ಕೆಲಸ ಮಾಡತ್ತಾ?"

"ಹೋಗೋ. ನನ್ನ ಕೇಳ್ಬೇಡ."

"ನಿಮ್ಮನ್ನ ಕೇಳದೆ ಇನ್ಯಾರನ್ನ ಕೇಳ್ಲಿ?"

ಅಕ್ಕ ಅಂಟು ಮೆತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡಳು. ನನ್ನ ಟೀ ಚಮಚ ತೆಗೆದುಕೊಂಡು ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿದಳು. ಬೆಂಚಿನವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಹತ್ತು ಎಣಿಸುವಷ್ಟು ಹೊತ್ತಾಯಿತು, ಇಪ್ಪತ್ತಾಯಿತು.

"ಗೊತ್ತಿಲ್ಲ ಕಣಪ್ಪ" ಎಂದಳು.

ನಾನು ಅವಳ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಅವಳಿಗೇ ವಿಚಿತ್ರವಾಗಿ ಕೇಳಿಸಿರಬೇಕು, ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡಳು. ಮುಚ್ಚಳಪ್ಪ ತಲೆಯಾಡಿಸಿದ. ಲೋಟ ಎತ್ತಿ ಗಟಗಟ ಕುಡಿದು ಬೆಂಚಿನ ಮೇಲೆ ಬೋರಲು ಹಾಕಿದ.

"ಗೊತ್ತಿಲ್ಲ ಅಂದ್ಲಲ್ಲೋ! ಆದ್ರೂ ಕುಡಿದೆಯಾ?" ಎಂದೆ ನಾನು.

ಅವನು ನನ್ನ ಕಡೆ ತಿರುಗಲೇ ಇಲ್ಲ. "ಪಾಕದ್ದಾದ್ರೂ ಗೊತ್ತಲ್ವಾ ಅಕ್ಕ?" ಎಂದ.

ಅಕ್ಕ ಚಮಚ ಒರೆಸಿ ನನ್ನ ಮುಂದಿಟ್ಟಳು. "ಪಾಕದ್ದು ಗೊತ್ತು" ಎಂದಳು.

"ಮತ್ತೆ ಹೋಗಿ. ನನ್ನ ಮಿಷನ್ ನಿಂತಿದೆ."

ಅವಳು ಎದ್ದು, ಮಂಡಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಹೋದಳು. ನಾವೆಲ್ಲ ದೀಪ ನೋಡುತ್ತ ಕೂತೆವು. ಅವಳು ಎಂದೂ ಅಷ್ಟು ಹೊತ್ತು ತೆಗೆದುಕೊಂಡವಳಲ್ಲ. ಮೇಲೆ ಮಗ್ಗಿಗೆ ಉಗುಳಿದ ಸದ್ದು ಕೇಳಿತು, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಆಮೇಲೆ ಹಸಿರು ದೀಪ ಹತ್ತಿತು, ಮುಚ್ಚಳಪ್ಪನ ಯಂತ್ರ ಗಡಗಡ ಶುರುವಾಯಿತು. ನಾನು ಅಕ್ಕ ಬೆಳಿಗ್ಗೆಯಿಂದ ಅಂಟಿಸಿದ್ದ ಬಾಟಲಿಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಒಂದೂ ನೆಟ್ಟಗಿರಲಿಲ್ಲ. ಎಲ್ಲವನ್ನೂ ಕಿತ್ತು ಮತ್ತೆ ಅಂಟಿಸಿದೆ.